ಗಂಟು ಹುಡುಕಿದ ಬೆರಳು

ಆ ಕ್ಲಿನಿಕ್ಕಿಗೆ ಹೋಗಬೇಕಾದರೆ ಫುಟ್‌ಪಾತಿನಿಂದ ಕೆಲವು ಮೆಟ್ಟಿಲು ಕೆಳಗಿಳಿಯಬೇಕು. ನ್ಯೂಯಾರ್ಕ್ ನಗರ, ಪಶ್ಚಿಮ 16ನೇ ಬೀದಿ, 9ನೇ ನಂಬರು. 1955ರ ಮೇ ತಿಂಗಳು ಮುಗಿಯುತ್ತ ಬಂದಿದೆ. ಎರಡೂ ಕಂಕುಳಿಗೆ ಊರುಗೋಲು ಕೊಟ್ಟುಕೊಂಡ ಒಬ್ಬ ಸಣಕಲು ಮನುಷ್ಯ ಆ ಮೆಟ್ಟಿಲ ಮುಂದೆ ಬಂದು ನಿಂತಿದ್ದಾನೆ. 38 ತುಂಬಲು ಇನ್ನು ಕೆಲವೇ ದಿನ. ಬೆನ್ನು ಮಾತ್ರ ಮುದುಕನದು. ಹತ್ತುವುದೇ ಕಷ್ಟ ಅಂತ ಗಟ್ಟಿಮುಟ್ಟಾದವರು ತಿಳಿದಿರುತ್ತಾರೆ. ಸೊಂಟ ಹಿಡಿದವರನ್ನು ಕೇಳಿ ನೋಡಿ, ಇಳಿಯುವುದು ಅದಕ್ಕಿಂತ ಕಷ್ಟ. ಮೊದಲು ಕೋಲು ಕೆಳಗಿಡಬೇಕು, ಮೈಭಾರವನ್ನು ಅದರ ಮೇಲೆ ನಂಬಿ ಬಿಡಬೇಕು, ಆಮೇಲೆ ಕಾಲು. ಅಷ್ಟರಲ್ಲಿ ಸೊಂಟದಲ್ಲೊಂದು ಚಳುಕು ಹೊಡೆದರೆ ಉಸಿರು ಅಲ್ಲೇ ನಿಲ್ಲುತ್ತದೆ. ಮನುಷ್ಯ ಹೇಗೋ ಇಳಿದ. ಒಳಗಿದ್ದ ವೈದ್ಯೆಯ ಪಾಲಿಗೆ ಪರೀಕ್ಷೆ ಆಗಲೇ ಅರ್ಧ ಮುಗಿದಿತ್ತು. ರೋಗಿ ಮಂಚದ ಮೇಲೆ ಮಲಗಿದ ಮೇಲೆ ಪರೀಕ್ಷೆ ಶುರು ಮಾಡುವ ಪೈಕಿ ಆಕೆ ಅಲ್ಲ. ಹೇಗೆ ನಡೆದು ಬಂದರು, ಯಾವ ಕಾಲಿನ ಮೇಲೆ ನಿಂತರು, ಕುರ್ಚಿಯಲ್ಲಿ ಯಾವ ಕಡೆಗೆ ವಾಲಿ ಕೂತರು, ಎಲ್ಲವೂ ಲೆಕ್ಕಕ್ಕೆ ಬರುತ್ತಿತ್ತು.

ಬಂದವರು ಮ್ಯಾಸಚೂಸೆಟ್ಸಿನ ಸೆನೆಟರ್ ಜಾನ್ ಎಫ್. ಕೆನಡಿ. ಕಂಡವರು ಡಾಕ್ಟರ್ ಜಾನೆಟ್ ಟ್ರವೆಲ್, ವಯಸ್ಸು 53. ಕೆನಡಿಯ ಬೆನ್ನಿಗೆ ಅಷ್ಟರಲ್ಲಿ ಮೂರು ಸಲ ಕತ್ತರಿ ಬಿದ್ದಿತ್ತು. ಮೊದಲನೆಯದು 1944ರಲ್ಲಿ. ಎರಡನೆಯದು 1954ರ ಅಕ್ಟೋಬರಿನಲ್ಲಿ. ಬೆನ್ನಿಗೆ ಲೋಹದ ಪಟ್ಟಿ ಕೂರಿಸಿದರು, ಸೋಂಕು ತಗಲಿತು, ಪ್ರಜ್ಞೆ ಹೋಯಿತು, ಪಾದ್ರಿ ಬಂದು ಅಂತಿಮ ಸಂಸ್ಕಾರದ ಪ್ರಾರ್ಥನೆಯನ್ನೂ ಮಾಡಿ ಹೋದ. ನಾಲ್ಕು ತಿಂಗಳು ಕಳೆದು, 1955ರ ಫೆಬ್ರವರಿಯಲ್ಲಿ, ಅದೇ ಪಟ್ಟಿಯನ್ನು ಕಿತ್ತು ತೆಗೆಯಲು ಮೂರನೆಯದು. ಇಷ್ಟೆಲ್ಲ ಆದ ಬೆನ್ನನ್ನು ಟ್ರವೆಲ್ ಬೆರಳಿನಿಂದ ಮುಟ್ಟಿ ನೋಡಿದರು. ಕಾಲುಗಳನ್ನು ಅಳೆದರು. ಎಡಗಾಲು ಬಲಗಾಲಿಗಿಂತ ಗಿಡ್ಡ. ಬರೀ ಕಾಲಲ್ಲ, ಎಡ ಮೈಯೇ ಬಲ ಮೈಗಿಂತ ಒಂದಿಷ್ಟು ಚಿಕ್ಕದು. ಎಡ ಬೂಟಿನ ಹಿಮ್ಮಡಿಗೆ ಒಂದು ತುಂಡು ಎತ್ತರ ಕೊಡಿಸಿದರು. ಮೂರು ಆಪರೇಷನ್ನಿನ ಕಥೆಯಲ್ಲಿ ಚಮ್ಮಾರನ ಕೆಲಸವೊಂದು ಬಾಕಿ ಉಳಿದಿತ್ತು.

ನಮ್ಮಲ್ಲಿ ಇಂಥ ನೋವಿಗೆ ಶಬ್ದಗಳ ಬರವಿಲ್ಲ. ಸೊಂಟ ಹಿಡಿಯುತ್ತದೆ, ಕತ್ತು ಉಳುಕುತ್ತದೆ, ಹೆಗಲು ಜಗ್ಗುತ್ತದೆ, ಮೀನಖಂಡ ಸೆಟೆಯುತ್ತದೆ, ಪಕ್ಕೆಯಲ್ಲಿ ಚಳುಕು ಮೂಡುತ್ತದೆ, ಕೈ ಜೋಮು ಹಿಡಿಯುತ್ತದೆ, ಯಾವುದೂ ಹೊಂದದಿದ್ದರೆ 'ವಾಯು' ಅಂತೂ ಇದ್ದೇ ಇದೆ. ನಾನು ಚಿಕ್ಕವನಿದ್ದಾಗ ನಮ್ಮ ಬೀದಿಯಲ್ಲಿ ಉಳುಕು ತೆಗೆಯುವ ಅಜ್ಜನೊಬ್ಬನಿದ್ದ. ಹರಳೆಣ್ಣೆ ಸವರಿ ಹೆಬ್ಬೆರಳಿನಿಂದ ಬೆನ್ನಿನ ಉದ್ದಕ್ಕೂ ಸೋಸುತ್ತ ಬಂದು ಒಂದು ಕಡೆ ತಟ್ಟನೆ ನಿಲ್ಲಿಸುತ್ತಿದ್ದ. 'ಇಕಾ, ಇಲ್ಲೈತೆ ನೋಡು ಗಂಟು.' ಅವನು ಒತ್ತಿದ್ದು ಬೆನ್ನನ್ನು, ನಮ್ಮತ್ತೆ ಕಿರುಚಿದ್ದು ಕೈ ಹಿಡಿದುಕೊಂಡು. ಆಗ ಅದು ನಗುವ ವಿಷಯವಾಗಿತ್ತು. ಟ್ರವೆಲ್ ಅವರ ವೃತ್ತಿಯ ಕಥೆ ಓದಿದ ಮೇಲೆ ನಗು ನಿಂತಿತು. ಆ ಅಜ್ಜನ ಹೆಬ್ಬೆರಳು ನಿಂತ ಜಾಗದಲ್ಲೇ ಈ ಹೆಂಗಸು ಒಂದು ಆಯುಷ್ಯವನ್ನು ನಿಲ್ಲಿಸಿದ್ದಾರೆ.

ಟ್ರವೆಲ್ ಹುಟ್ಟಿದ್ದು 1901ರ ಡಿಸೆಂಬರಿನಲ್ಲಿ, ನ್ಯೂಯಾರ್ಕಿನಲ್ಲೇ. ತಂದೆ ವೈದ್ಯ, ಸೋದರಿಯೂ ವೈದ್ಯೆಯಾದಳು. 1926ರಲ್ಲಿ ಕಾರ್ನೆಲ್ ವೈದ್ಯಕೀಯ ಕಾಲೇಜಿನಿಂದ ಪದವಿ. ಆಮೇಲೆ ಅಲ್ಲೇ ಔಷಧಶಾಸ್ತ್ರದ ಪಾಠ, ಹೃದಯದ ಮದ್ದು ಡಿಜಿಟಾಲಿಸ್ ಮೇಲೆ ಸಂಶೋಧನೆ. ಸ್ನಾಯುವಿನ ನೋವಿಗೂ ಅವರಿಗೂ ಏನೂ ಸಂಬಂಧವಿರಲಿಲ್ಲ. ಅಥವಾ ಆ ಕಾಲದ ಯಾವ ವೈದ್ಯನಿಗೂ ಇರಲಿಲ್ಲ ಅನ್ನಿ. ಮೂಳೆಗೆ ಒಬ್ಬ ತಜ್ಞ, ನರಕ್ಕೆ ಒಬ್ಬ, ಕೀಲಿಗೆ ಒಬ್ಬ. ಮೈತೂಕದ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿರುವ ಸ್ನಾಯುವಿಗೆ ಮಾತ್ರ ಹೇಳುವವರು ಕೇಳುವವರು ಇಲ್ಲ.

ದಾರಿ ತಿರುಗಿದ್ದು ಸ್ಟೇಟನ್ ಐಲೆಂಡಿನ ಸೀ ವ್ಯೂ ಆಸ್ಪತ್ರೆಯಲ್ಲಿ. ಕ್ಷಯ ರೋಗಿಗಳ ಆಸ್ಪತ್ರೆ. ಕ್ಷಯಕ್ಕೆ ಮದ್ದಿಲ್ಲದ 1930ರ ದಶಕ. ಮುಂದೆ 1952ರಲ್ಲಿ ಇದೇ ವಾರ್ಡುಗಳಲ್ಲಿ ಹೊಸ ಮಾತ್ರೆ ನುಂಗಿದ ರೋಗಿಗಳು ಎದ್ದು ಕುಣಿದ ಚಿತ್ರ ಪತ್ರಿಕೆಗಳಲ್ಲಿ ಬರಲಿತ್ತು. ಅದಿನ್ನೂ ದೂರ. ಆಗಿನ್ನೂ ಹಾಸಿಗೆ, ಗಾಳಿ, ಬಿಸಿಲು, ಕೆಮ್ಮು, ಕಾಯುವುದು. ಅಂಥ ಹಾಸಿಗೆಗಳ ನಡುವೆ ನಡೆಯುತ್ತಿದ್ದ ವೈದ್ಯೆಗೆ ಒಂದು ವಿಚಿತ್ರ ಕಂಡಿತು. ಶ್ವಾಸಕೋಶ ತೂತು ಬಿದ್ದ ಮನುಷ್ಯ ಶ್ವಾಸಕೋಶದ ಮಾತೇ ಎತ್ತುವುದಿಲ್ಲ. 'ಈ ಭುಜವೊಂದು ನನ್ನ ಪ್ರಾಣ ತೆಗೀತಿದೆ ಡಾಕ್ಟ್ರೇ' ಎನ್ನುವ ಧಾಟಿಯಲ್ಲೇ ಅವನ ದೂರು. ಪ್ರಾಣ ತೆಗೆಯುವ ರೋಗ ಎದೆಯೊಳಗೆ ಸುಮ್ಮನೆ ಕೂತಿದೆ, ಪ್ರಾಣ ತೆಗೆಯದ ನೋವು ಹೆಗಲ ಮೇಲೆ ಬೊಬ್ಬೆ ಹಾಕುತ್ತಿದೆ. ಎಕ್ಸ್‌ರೇ ತೆಗೆದರೆ ಭುಜದಲ್ಲಿ ಏನೂ ಇಲ್ಲ. ಏನೂ ಇಲ್ಲ ಅಂದಮೇಲೆ ಬೇರೆಯವರು ಮುಂದಿನ ಹಾಸಿಗೆಗೆ ಹೋಗುತ್ತಿದ್ದರು. ಟ್ರವೆಲ್ ನಿಂತು ಆ ಭುಜ ಮುಟ್ಟಿದರು. ಹೆಗಲೆಲುಬಿನ ಸುತ್ತಲ ಮಾಂಸದಲ್ಲಿ ಬೆರಳು ಆಡಿಸಿದಾಗ ಅಲ್ಲಲ್ಲಿ ಬಿಗಿದ ಎಳೆಗಳು. ಹುರಿಹಗ್ಗದೊಳಗೆ ತೊಗರಿಕಾಳು ಸಿಕ್ಕಿಕೊಂಡಂಥ ಗಂಟುಗಳು. ಒತ್ತಿದರೆ ರೋಗಿ ಹಾಸಿಗೆಯಿಂದಲೇ ಎಗರುತ್ತಿದ್ದ.

ಇಷ್ಟರಲ್ಲಿ ಅವರದೇ ಬಲಗೈ ಕೈಕೊಟ್ಟಿತು. ಪ್ರಯೋಗಾಲಯದ ಕೆಲಸ ಅತಿಯಾಗಿ ಹೆಗಲಿನಿಂದ ಕೈವರೆಗೆ ನೋವು. ರಾತ್ರಿ ನಿದ್ದೆ ಬಾರದೆ ತಮ್ಮ ಹೆಗಲೆಲುಬಿನ ಮೇಲಿನ ಮಾಂಸವನ್ನು ತಾವೇ ತಡಕಿದರು. ಒಂದು ಬಿಂದುವನ್ನು ಒತ್ತಿದ್ದೇ ತಡ, ನೋವು ಸ್ವಿಚ್ಚು ಹಾಕಿದಂತೆ ಕೈಯುದ್ದಕ್ಕೂ ಹರಿಯಿತು. ಕೋವಿಯ ಕುದುರೆ ಎಳೆದದ್ದು ಇಲ್ಲಿ, ಗುಂಡು ಬಿದ್ದದ್ದು ಅಲ್ಲಿ. ಟ್ರಿಗರ್ ಪಾಯಿಂಟ್ ಎಂಬ ಹೆಸರು ಈಗ ಫಿಸಿಯೋಥೆರಪಿಯ ಬೋರ್ಡು ಹಾಕಿದವರ ಬಾಯಲ್ಲೆಲ್ಲ ಇದೆ. ಅದರ ಅರ್ಥ ಇಷ್ಟೆ.

ಗಂಟು ಕಂಡದ್ದು ಅವರೇ ಮೊದಲಲ್ಲ. ಜರ್ಮನಿಯ ಫ್ರೋರಿಪ್ ಎಂಬ ವೈದ್ಯ 1843ರಲ್ಲೇ ಸ್ನಾಯುವಿನ ಬಿರುಸು ಎಳೆಗಳ ಬಗ್ಗೆ ಬರೆದಿದ್ದ. ಲಂಡನ್ನಿನಲ್ಲಿ ಜೊನಾಸ್ ಕೆಲ್‌ಗ್ರೆನ್ 1938ರಲ್ಲಿ ಇನ್ನೂ ಧೈರ್ಯದ ಕೆಲಸ ಮಾಡಿದ. ಆರೋಗ್ಯವಂತರ ಸ್ನಾಯುವಿಗೆ ಗಾಢ ಉಪ್ಪುನೀರು ಚುಚ್ಚಿ, 'ಎಲ್ಲಿ ನೋಯುತ್ತಿದೆ?' ಎಂದು ಕೇಳಿ, ಅವರು ತೋರಿಸಿದ ಜಾಗವನ್ನು ಮೈಯ ನಕ್ಷೆಯ ಮೇಲೆ ಗುರುತು ಹಾಕಿದ. ಚುಚ್ಚಿದ ಜಾಗವೇ ಬೇರೆ, ನೋಯುವ ಜಾಗವೇ ಬೇರೆ. ಅದೂ ಬಾಯಿಗೆ ಬಂದಂತೆ ಅಲ್ಲ, ಪ್ರತಿ ಸ್ನಾಯುವಿಗೂ ತನ್ನದೇ ನಿಗದಿತ ದಾರಿ. ಟ್ರವೆಲ್ ಮಾಡಿದ್ದು ಈ ದಾರಿಗಳ ಬೆನ್ನು ಹತ್ತಿ ಹಿಂದಕ್ಕೆ ನಡೆಯುವ ಕೆಲಸ. ರೋಗಿ ತೋರಿಸುವುದು ಊರಿನ ಕೊನೆಯ ಮನೆ. ರಸ್ತೆ ಎಲ್ಲಿಂದ ಹೊರಟಿದೆ ಎಂದು ಹುಡುಕುವವಳು ವೈದ್ಯೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತೇವಲ್ಲ, ನೋಡುವವರಿಗೆ ಇವರ ಚಿಕಿತ್ಸೆ ಥೇಟ್ ಹಾಗೆಯೇ ಕಾಣುತ್ತಿತ್ತು. ಕಣತಲೆ ಸಿಡಿಯುತ್ತದೆ ಅಂತ ಬಂದವರಿಗೆ ಕತ್ತು ಹೆಗಲು ಸೇರುವ ಜಾಗದಲ್ಲಿ ಸೂಜಿ. ಭುಜದ ಮುಂಭಾಗ ಆಳದಲ್ಲಿ ನೋಯುತ್ತದೆ, ಕೈಯನ್ನು ಹಿಂದಕ್ಕೆ ಒಯ್ಯಲಾಗದು ಎಂದವರಿಗೆ ಹೆಗಲೆಲುಬಿನ ಹಿಂದೆ. ಹಿಮ್ಮಡಿ ನೋವಿಗೆ ಮೀನಖಂಡದ ಕೆಳಗೆ. ಕಾಲಿನುದ್ದಕ್ಕೂ ಪಾದದ ಗಂಟಿನವರೆಗೆ ಎಳೆಯುವ, ಎಲ್ಲರೂ ಸಯಾಟಿಕ ಎಂದೇ ಕರೆಯುವ ನೋವಿಗೆ ಕುಂಡೆಯ ಪಕ್ಕದ ಸಣ್ಣದೊಂದು ಸ್ನಾಯುವಿಗೆ. ಇಲ್ಲಿ ಜ್ವರ ನಿಜವಾಗಿ ಎಮ್ಮೆಗೇ ಬಂದಿರುತ್ತದೆ, ಎತ್ತು ಸುಮ್ಮನೆ ನರಳುತ್ತಿರುತ್ತದೆ. ಅಷ್ಟೇ ವ್ಯತ್ಯಾಸ.

ಸೂಜಿಯಲ್ಲಿ ಇರುತ್ತಿದ್ದದ್ದು ಪ್ರೊಕೇನ್, ಹಲ್ಲು ಕೀಳುವಾಗ ಒಸಡಿಗೆ ಕೊಡುವ ಜಾತಿಯ ಮರವು ಮದ್ದು. ಎಡಗೈಯ ಎರಡು ಬೆರಳ ನಡುವೆ ಬಿಗಿದ ಎಳೆಯನ್ನು ಜಾರದಂತೆ ಹಿಡಿಯಬೇಕು. ಬಲಗೈಯ ಸೂಜಿ ಆ ಕಾಳನ್ನು ಹುಡುಕಬೇಕು. ತಾಗಿತು ಎನ್ನುವುದಕ್ಕೆ ಸ್ನಾಯುವೇ ಸಾಕ್ಷಿ: ದಡದ ಮೇಲಿನ ಮೀನಿನಂತೆ ಒಮ್ಮೆ ಪಟ್ಟೆಂದು ಅದುರುತ್ತದೆ. ರೋಗಿ 'ಅದೇ, ಅದೇ ನನ್ನ ನೋವು' ಎನ್ನುತ್ತಾನೆ. ಎಷ್ಟೋ ವರ್ಷದಿಂದ ಯಾರೂ ನಂಬದ ನೋವನ್ನು ಇನ್ನೊಬ್ಬರ ಕೈ ಮುಟ್ಟಿ ತೋರಿಸಿದಾಗ ಮುಖದ ಮೇಲೆ ಬರುವ ನೆಮ್ಮದಿಗೆ ಔಷಧಶಾಸ್ತ್ರದಲ್ಲಿ ಹೆಸರಿಲ್ಲ. 1942ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಭುಜ ಮತ್ತು ತೋಳಿನ ನೋವಿಗೆ ಈ ಚಿಕಿತ್ಸೆಯ ಬಗ್ಗೆ ಟ್ರವೆಲ್ ಮತ್ತು ಇಬ್ಬರು ಸಂಗಡಿಗರ ಲೇಖನ ಬಂತು. ಸಂಗಡಿಗರಲ್ಲಿ ಒಬ್ಬರಾದ ಸೆಮೂರ್ ರಿನ್ಸ್‌ಲರ್ ಹೃದ್ರೋಗ ತಜ್ಞರು. ಹೃದಯಾಘಾತದಿಂದ ಚೇತರಿಸಿಕೊಂಡವರಲ್ಲಿ ಹೃದಯ ಸುಮ್ಮನಾದರೂ ಎದೆಯ ಸ್ನಾಯು ಸುಮ್ಮನಾಗದೆ ನೋಯುವುದನ್ನು ಇಬ್ಬರೂ ಸೇರಿ ಆಮೇಲೆ ಬರೆದರು.

ಸೂಜಿಯೊಂದೇ ಅಲ್ಲ. ಮೇಜಿನ ಮೇಲೆ ಸಣ್ಣ ಬಾಯಿಯ ಒಂದು ಶೀಶೆ ಇರುತ್ತಿತ್ತು. ಈಥೈಲ್ ಕ್ಲೋರೈಡ್, ಚರ್ಮಕ್ಕೆ ತಾಗಿದ ಕೂಡಲೇ ಆವಿಯಾಗಿ ತಣ್ಣಗೆ ಕೊರೆಯುವ ದ್ರವ. ಶೀಶೆಯನ್ನು ತಲೆಕೆಳಗು ಮಾಡಿ ಒಂದೂವರೆ ಅಡಿ ದೂರದಿಂದ ದಾರದಷ್ಟು ತೆಳ್ಳಗೆ ಹಾಯಿಸಬೇಕು. ಒಂದೇ ದಿಕ್ಕಿಗೆ, ರಂಗೋಲಿಯ ಎಳೆ ಎಳೆದಂತೆ ಸಾಲುಸಾಲಾಗಿ, ನೋವು ಹರಿಯುವ ದಾರಿಯುದ್ದಕ್ಕೂ. ಚರ್ಮ ಹಿಮಗಟ್ಟಬಾರದು. ಅದೇ ಹೊತ್ತಿಗೆ ಇನ್ನೊಂದು ಕೈ ಆ ಸ್ನಾಯುವನ್ನು ಮೆಲ್ಲಗೆ ಹಿಗ್ಗಿಸುತ್ತಿರಬೇಕು. ಥಂಡಿ ನೆಪ, ಹಿಗ್ಗಿಸುವುದು ಕೆಲಸ. ಅಳುವ ಮಗುವಿಗೆ ಕಾಗೆ ತೋರಿಸಿ ತುತ್ತು ತುರುಕುವ ತಾಯಿಯ ಉಪಾಯ ಇದು. ಆಮೇಲೆ ಬಿಸಿ ಕಾವು, ಆಮೇಲೆ ಕೈಯನ್ನೋ ಕತ್ತನ್ನೋ ಪೂರಾ ಸುತ್ತು ಆಡಿಸುವುದು. ಈಥೈಲ್ ಕ್ಲೋರೈಡ್ ಬೆಂಕಿ ಹೊತ್ತಿಕೊಳ್ಳುವ ಪದಾರ್ಥ. ಅದಕ್ಕೆ ಬದಲು ಬೆಂಕಿಗೆ ಹೆದರದ ಇನ್ನೊಂದು ದ್ರವ ಮುಂದೆ ಬಳಕೆಗೆ ಬಂತು. ಅದು ಓಜೋನ್ ಪದರವನ್ನು ಕೊರೆಯುವ ಜಾತಿಯದೆಂದು ಗೊತ್ತಾಗಿ ಅದೂ ಹೋಯಿತು. ಭುಜದ ನೋವಿಗೂ ಆಕಾಶದ ತೂತಿಗೂ ಹೀಗೆ ನಂಟು ಬೆಳೆಯಬಹುದೆಂದು ಯಾರು ಎಣಿಸಿದ್ದರು!

ಇನ್ನು ಕುರ್ಚಿ. ಟ್ರವೆಲ್ ಅವರಿಗೆ ಕುರ್ಚಿಗಳ ಮೇಲೆ ಒಂದು ಬಗೆಯ ಹಗೆತನವೇ ಇತ್ತು. ಮಂಡಿಯ ಹಿಂಭಾಗಕ್ಕೆ ಒತ್ತುವಷ್ಟು ಆಳದ ಆಸನ, ನಡುವಿಗೆ ಆಧಾರವಿಲ್ಲದ ಬೆನ್ನು, ಹೆಗಲನ್ನು ಎತ್ತಿ ಹಿಡಿಯುವ ಅಥವಾ ಕೈಗೇ ಎಟುಕದ ತೋಳು. ರೋಗಿ ಗುಣವಾಗಿ ಮನೆಗೆ ಹೋಗಿ ಅದೇ ಕುರ್ಚಿಯಲ್ಲಿ ಕೂತರೆ ಗಂಟು ಮರಳಿ ಬರುತ್ತದೆ ಎಂಬುದು ಅವರ ಅನುಭವ. ಅವರ ಕ್ಲಿನಿಕ್ಕಿನಲ್ಲಿ ಮರದ ಒಂದು ತೂಗುಕುರ್ಚಿ ಇತ್ತು. ತೂಗುತ್ತಿದ್ದರೆ ಬೆನ್ನಿನ ಸ್ನಾಯುಗಳು ಒಂದೇ ಹಿಡಿತದಲ್ಲಿ ನಿಲ್ಲದೆ ಬಿಗಿಯುತ್ತ ಸಡಿಲುತ್ತ ಇರುತ್ತವೆ. ಅದರಲ್ಲಿ ಕೂತ ಕೆನಡಿಗೆ ಹಿತವೆನಿಸಿತು. ಅಂಥದೇ ಕುರ್ಚಿ ತರಿಸಿಕೊಂಡರು. ನಾರ್ತ್ ಕ್ಯಾರೊಲೈನಾದ ಆಶ್‌ಬರೋ ಎಂಬ ಪಟ್ಟಣದ ಸಣ್ಣ ಕಾರ್ಖಾನೆಯ, ಬೆತ್ತದ ಬೆನ್ನಿನ, ಆಡಂಬರವಿಲ್ಲದ ಕುರ್ಚಿ. ಅದು ಶ್ವೇತಭವನ ಸೇರಿತು, ಅಧ್ಯಕ್ಷರ ವಿಮಾನಕ್ಕೂ ಹತ್ತಿತು, ದೇಶದೇಶಗಳ ನಾಯಕರು ಅದರ ಎದುರಿನ ಸೋಫಾದಲ್ಲಿ ಕೂತು ಮಾತಾಡಿದರು. 1996ರಲ್ಲಿ ಕೆನಡಿಯ ಪತ್ನಿ ಜಾಕ್ವೆಲಿನ್ ಅವರ ಆಸ್ತಿಯ ಹರಾಜಿನಲ್ಲಿ ಅಂಥ ಒಂದು ಕುರ್ಚಿ 4 ಲಕ್ಷ ಡಾಲರಿಗೂ ಮೀರಿ ಹೋಯಿತು. ವೈದ್ಯೆ ಬರೆದ ಚೀಟಿಗಳಲ್ಲಿ ಇಷ್ಟು ದುಬಾರಿಯಾದದ್ದು ಇನ್ನೊಂದಿರಲಾರದು.

1961ರ ಜನವರಿಯಲ್ಲಿ ಕೆನಡಿ ಅಧ್ಯಕ್ಷರಾದರು. ಟ್ರವೆಲ್ ಅಧ್ಯಕ್ಷರ ಖಾಸಗಿ ವೈದ್ಯೆಯಾದರು. ಆ ಹುದ್ದೆಯಲ್ಲಿ ಕೂತ ಮೊದಲ ಹೆಂಗಸು. ಪತ್ರಿಕೆಗಳಿಗೆ ಹಬ್ಬ. ಇಲ್ಲಿಂದ ಮುಂದಿನ ಕಥೆಯನ್ನು ಬರೀ ಹೊಗಳಿಕೆಯಲ್ಲಿ ಹೇಳಿ ಮುಗಿಸುವುದು ನನಗೆ ಆಗದ ಮಾತು.

ಕೆನಡಿಗೆ ಬೆನ್ನು ನೋವಿನ ಜೊತೆ ಅಡಿಸನ್ಸ್ ಕಾಯಿಲೆಯೂ ಇತ್ತು. ಮೂತ್ರಪಿಂಡದ ಮೇಲಿನ ಗ್ರಂಥಿ ಸೋತು, ದಿನವೂ ಸ್ಟಿರಾಯ್ಡ್ ಬೇಕಾಗುವ ರೋಗ. 1960ರ ಚುನಾವಣೆಯ ಹೊತ್ತಿಗೆ ಎದುರಾಳಿಗಳು ಇದನ್ನು ಎತ್ತಿದಾಗ ಟ್ರವೆಲ್ ಮತ್ತು ಇನ್ನೊಬ್ಬ ವೈದ್ಯ ಯೂಜೀನ್ ಕೊಹೆನ್ ಅಭ್ಯರ್ಥಿಯ ಆರೋಗ್ಯ ಬಹಳ ಚೆನ್ನಾಗಿದೆಯೆಂದು ಪತ್ರ ಬರೆದುಕೊಟ್ಟರು. ಆ ವರ್ಷ ಕೊಹೆನ್ ಅವರ ಕಚೇರಿಗೆ ಕಳ್ಳರು ನುಗ್ಗಿ ಕಡತಗಳನ್ನೆಲ್ಲ ಕೆದಕಿದರು. ಬೇಕಾದದ್ದು ಸಿಗಲಿಲ್ಲ, ಕೆನಡಿಯ ಕಡತ ಬೇರೆ ಹೆಸರಿನಲ್ಲಿತ್ತು. 16ನೇ ಬೀದಿಯ ಆ ಕೆಳಮೆಟ್ಟಿಲಿನ ಬಾಗಿಲನ್ನೂ ಮುರಿಯಲು ನೋಡಿ ಸೋತರು. ರೋಗಿಯ ಗುಟ್ಟು ಕಾಯುವುದು ವೈದ್ಯರ ಧರ್ಮ, ಒಪ್ಪಿದೆ. ಗುಟ್ಟು ಕಾಯುವುದು ಬೇರೆ, ಇಲ್ಲದ ಆರೋಗ್ಯಕ್ಕೆ ಸಹಿ ಹಾಕುವುದು ಬೇರೆ. ನೋವನ್ನು ನಂಬಿ ಎಂದು ಜೀವನವಿಡೀ ಹೇಳಿದ ಕೈಯೇ ಒಬ್ಬನ ನೋವನ್ನು ಇಡೀ ದೇಶದಿಂದ ಮುಚ್ಚಿಟ್ಟಿತು.

1961ರ ಮೇ 16. ಕೆನಡಾದ ಒಟ್ಟಾವಾದಲ್ಲಿ ಗವರ್ನರ್ ಜನರಲ್ ಬಂಗಲೆಯ ತೋಟ. ಬಂದ ಅತಿಥಿ ಒಂದು ಓಕ್ ಸಸಿ ನೆಡುವ ಶಾಸ್ತ್ರ. ಅತಿಥಿಗಳು ನೆಡುವ ಸಸಿಗೆ ಗುಂಡಿ ಮೊದಲೇ ತೋಡಿರುತ್ತಾರೆ, ಎರಡು ಸಲಿಕೆ ಮಣ್ಣು ಎಳೆದರೆ ಸಾಕು. ಕೆನಡಿ ಮಂಡಿ ಮಡಿಸದೆ ಸೊಂಟದಿಂದಲೇ ಬಗ್ಗಿ, ಕೈ ಮುಂದೆ ಚಾಚಿ ಮಣ್ಣು ಎತ್ತಿದರು. ಅಷ್ಟು ಸಾಕಾಯಿತು. ಹೊಲದಲ್ಲಿ ಗುದ್ದಲಿ ಹಿಡಿದ ಯಾವ ಹೆಂಗಸನ್ನು ಕೇಳಿದರೂ ಮಣ್ಣು ಎತ್ತುವುದು ಹೇಗೆಂದು ತೋರಿಸುತ್ತಿದ್ದಳು; ಹಾರ್ವರ್ಡಿನಲ್ಲಿ ಅದರ ಪಾಠವಿರಲಿಲ್ಲ. ಮುಂದಿನ ತಿಂಗಳು ವಿಯೆನ್ನಾದಲ್ಲಿ ಸೋವಿಯತ್ ನಾಯಕ ಕ್ರುಶ್ಚೇವ್ ಜೊತೆ ಮಾತುಕತೆ. ಟ್ರವೆಲ್ ಜೊತೆಯಲ್ಲೇ ಇದ್ದರು, ಪ್ರೊಕೇನೂ ಇತ್ತು. ಮರಳಿದ ಮೇಲೆ ಊರುಗೋಲು ಮತ್ತೆ ಬಯಲಿಗೆ ಬಂತು. ಏಣಿ ಹತ್ತಲಾಗದ ಅಧ್ಯಕ್ಷರನ್ನು ವಿಮಾನದ ಬಾಗಿಲಿಗೆ ಯಂತ್ರದ ತೊಟ್ಟಿಲಲ್ಲಿ ನಿಲ್ಲಿಸಿ ಎತ್ತಬೇಕಾಯಿತು.

ಆ ವರ್ಷ ದಿನಕ್ಕೆ ಎರಡು ಮೂರು ಸಲ ಸೂಜಿ. ನೌಕಾದಳದ ವೈದ್ಯ ಜಾರ್ಜ್ ಬರ್ಕ್‌ಲಿಗೆ ಆತಂಕ ಹುಟ್ಟಿತು. ಇದು ಎಲ್ಲಿಗೆ ಹೋಗಿ ನಿಲ್ಲುತ್ತದೆ? ಅಕ್ಟೋಬರಿನಲ್ಲಿ ನ್ಯೂಯಾರ್ಕಿನಿಂದ ಇನ್ನೊಬ್ಬರನ್ನು ಕರೆಸಿದರು: ಹಾನ್ಸ್ ಕ್ರೌಸ್.

ಕ್ರೌಸ್ ಟ್ರಿಯೆಸ್ಟ್‌ನಲ್ಲಿ ಹುಟ್ಟಿದವರು, ಆಸ್ಟ್ರಿಯಾದಲ್ಲಿ ಕಲಿತು 1938ರಲ್ಲಿ ಅಮೆರಿಕಕ್ಕೆ ಬಂದವರು. ಬಂಡೆ ಹತ್ತುವ ಹುಚ್ಚು. ನ್ಯೂಯಾರ್ಕಿನ ಉತ್ತರಕ್ಕಿರುವ ಶಾವಾಂಗಂಕ್ ಬಂಡೆಗಳ ಮೇಲೆ 1941ರಲ್ಲಿ ಫ್ರಿಟ್ಸ್ ವೀಸ್ನರ್ ಜೊತೆ ಅವರು ಮೊದಲು ಹತ್ತಿದ ದಾರಿಯೊಂದನ್ನು ಇಂದಿಗೂ ಬಂಡೆ ಹತ್ತುವವರು ಹುಡುಕಿಕೊಂಡು ಹೋಗುತ್ತಾರೆ. ಮೈಗೆ ಆರಾಮವೇ ಶತ್ರು ಎಂದು ನಂಬಿದ ಮನುಷ್ಯ. ಸಹೋದ್ಯೋಗಿ ಸೋನಿಯಾ ವೆಬರ್ ಜೊತೆ ಸೇರಿ ಮಕ್ಕಳಿಗೆ ಆರು ಸರಳ ಪರೀಕ್ಷೆ ಮಾಡಿಸಿದ್ದರು. ಎದ್ದು ಕೂರುವುದು, ಕಾಲೆತ್ತುವುದು, ಮಂಡಿ ಮಡಿಸದೆ ಬಗ್ಗಿ ನೆಲ ಮುಟ್ಟುವುದು, ಇಷ್ಟೇ. ಅಮೆರಿಕದ ಮಕ್ಕಳಲ್ಲಿ ನೂರಕ್ಕೆ 58 ಮಂದಿ ಯಾವುದಾದರೊಂದರಲ್ಲಿ ಸೋತರು. ಯುರೋಪಿನ ಮಕ್ಕಳಲ್ಲಿ ಸೋತವರು ನೂರಕ್ಕೆ 9. ಈ ಲೆಕ್ಕ ನೋಡಿ ಆಗಿನ ಅಧ್ಯಕ್ಷ ಐಸೆನ್‌ಹೋವರ್ 1956ರಲ್ಲಿ ಮಕ್ಕಳ ದೇಹದಾರ್ಢ್ಯಕ್ಕೆಂದೇ ಒಂದು ಮಂಡಳಿ ಮಾಡಿದರು.

ಆ ಕ್ರೌಸ್ ಈಗ ಅಧ್ಯಕ್ಷರ ಬೆನ್ನು ಮುಟ್ಟಿದರು. ಹೊಟ್ಟೆಯ ಸ್ನಾಯು ಸೋತಿದೆ, ಬೆನ್ನಿನದು ತಂತಿಯಂತೆ ಬಿಗಿದಿದೆ. ಸೂಜಿ ಬಿಟ್ಟು ವ್ಯಾಯಾಮ ಹಿಡಿಯದಿದ್ದರೆ ಹೆಳವರಾಗುತ್ತೀರಿ ಎಂದು ನೇರವಾಗಿ ಹೇಳಿದರು. ಶ್ವೇತಭವನದ ಈಜುಕೊಳದ ಪಕ್ಕದಲ್ಲಿ ವ್ಯಾಯಾಮ ಶುರುವಾಯಿತು. ಆರಂಭದಲ್ಲಿ ವಾರಕ್ಕೆ ಮೂರು ಸಲ ಕ್ರೌಸ್ ನ್ಯೂಯಾರ್ಕಿನಿಂದ ಬಂದು ಹೋಗುತ್ತಿದ್ದರು. ಕೆಲವೇ ತಿಂಗಳಲ್ಲಿ ಅಧ್ಯಕ್ಷರು ಬಗ್ಗಿ ಏಳುವಂತಾದರು. ಟ್ರವೆಲ್ ಅವರ ಹುದ್ದೆ ಉಳಿಯಿತು, ಬೆನ್ನು ಅವರ ಕೈತಪ್ಪಿತು. ಹೆಸರಿಗೆ ಅವರೇ ವೈದ್ಯೆ, ಫೋಟೋಗಳಲ್ಲಿ ನಗುವವರೂ ಅವರೇ.

ಈ ಜಗಳದಲ್ಲಿ ಯಾರು ಸರಿ? ಇಬ್ಬರ ಕಡೆಯವರೂ ಪುಸ್ತಕ ಬರೆದಿದ್ದಾರೆ. ಓದಿದ ಮೇಲೆ ನನ್ನ ತೂಕ ಕ್ರೌಸ್ ಕಡೆಗೇ ವಾಲುತ್ತದೆ, ಆದರೆ ಟ್ರವೆಲ್ ಅವರದೇ ಪಾಠದ ಬಲದಿಂದ. ಗಂಟು ಬಿಡಿಸುವುದು ಬೇರೆ, ಗಂಟು ಕಟ್ಟಿಕೊಳ್ಳದಂತೆ ಬದುಕುವುದು ಬೇರೆ ಎಂದು ಹೇಳಿಕೊಟ್ಟವರೇ ಅವರು. ಕುರ್ಚಿ ಬದಲಿಸಿ, ಬೂಟು ಬದಲಿಸಿ, ಸ್ನಾಯು ಹಿಗ್ಗಿಸಿ ಎಂದವರೇ ಅವರು. ದೊಡ್ಡ ರೋಗಿ ಎದುರಿಗಿದ್ದಾಗ, ಅವನಿಗೆ ಈ ಕ್ಷಣವೇ ಎದ್ದು ಭಾಷಣಕ್ಕೆ ಹೋಗಬೇಕಾಗಿದ್ದಾಗ, ಸೂಜಿಯೇ ಮುಂದೆ ಬಂದಿರಬೇಕು. ನೋವಿನ ವೈದ್ಯರಿಗೆ ಇದು ದಿನನಿತ್ಯದ ಇಕ್ಕಟ್ಟು. ಬೇಡುವವನಿಗೆ ಬೇಕಾದದ್ದು ಇವತ್ತಿನ ಉಪಶಮನ, ಕೊಡಬೇಕಾದದ್ದು ಆರು ತಿಂಗಳ ಶ್ರಮ. ಇನ್ನೂ ಒಂದು ಮಾತು: ತಣ್ಣನೆಯ ಆ ಈಥೈಲ್ ಕ್ಲೋರೈಡನ್ನು ಸ್ನಾಯುನೋವಿಗೆ ಟ್ರವೆಲ್ ಅವರಿಗಿಂತ ಮೊದಲೇ ಬಳಸಿ ಬರೆದವರು ಇದೇ ಕ್ರೌಸ್, ಮತ್ತು ಟ್ರವೆಲ್ ಅದನ್ನು ತಮ್ಮ ಪುಸ್ತಕದಲ್ಲಿ ಒಪ್ಪಿಕೊಂಡಿದ್ದಾರೆ. ದಾಯಾದಿಗಳ ಜಗಳ ಇದು, ಬೇರು ಒಂದೇ.

1963ರ ನವೆಂಬರ್ 22ರಂದು ಡಲ್ಲಾಸಿನಲ್ಲಿ ಹತ್ಯೆಯಾದಾಗ ಕೆನಡಿ ಅಂಗಿಯೊಳಗೆ ಬಿಗಿಯಾದ ಬೆನ್ನುಪಟ್ಟಿ ಕಟ್ಟಿದ್ದರು. ಮೊದಲ ಗುಂಡು ತಾಗಿದಾಗ ಮುಂದಕ್ಕೆ ಕುಸಿಯದೆ ನೆಟ್ಟಗೆ ಕೂತೇ ಉಳಿಯಲು ಆ ಪಟ್ಟಿಯೂ ಕಾರಣವಿರಬಹುದೆಂದು 2017ರಲ್ಲಿ ಇಬ್ಬರು ನರಶಸ್ತ್ರವೈದ್ಯರು ಬರೆದರು.

ಟ್ರವೆಲ್ 1965ರವರೆಗೆ, ಮುಂದಿನ ಅಧ್ಯಕ್ಷ ಜಾನ್ಸನ್ ಅವರ ಕಾಲದಲ್ಲೂ ಶ್ವೇತಭವನದಲ್ಲಿದ್ದು ಹೊರಬಂದರು. 1968ರಲ್ಲಿ ಆತ್ಮಕಥೆ ಬಂತು. ವಯಸ್ಸು 66. ಹೆಚ್ಚಿನವರ ವೃತ್ತಿ ಅಲ್ಲಿಗೆ ಮುಗಿಯುತ್ತದೆ, ಇವರ ದೊಡ್ಡ ಕೆಲಸ ಆಗಿನ್ನೂ ಬಾಕಿ ಇತ್ತು.

ಅದಕ್ಕೆ ಜೊತೆಯಾದವರು ಡೇವಿಡ್ ಸೈಮನ್ಸ್. ಅವರದೂ ವಿಚಿತ್ರ ಹಿನ್ನೆಲೆ. ವಾಯುಪಡೆಯ ವೈದ್ಯ, 1957ರ ಆಗಸ್ಟಿನಲ್ಲಿ ಒಂದು ಬಲೂನಿನ ಕೆಳಗೆ ಟೆಲಿಫೋನ್ ಬೂತಿನಷ್ಟು ಕಿರಿದಾದ ಡಬ್ಬಿಯಲ್ಲಿ ಕೂತು 1 ಲಕ್ಷ ಅಡಿಗೂ ಮೇಲೆ ಹೋಗಿ, 32 ಗಂಟೆ ಕಳೆದು ಇಳಿದಿದ್ದ ಮನುಷ್ಯ. ಆಕಾಶ ಇನ್ನೂ ಬೆಳಗಾಗಿರುವಾಗಲೇ ಕಪ್ಪಾಗುವುದನ್ನು ಕಂಡ ಕಣ್ಣು. 1963ರಲ್ಲಿ ವಾಯುಪಡೆಯ ವೈದ್ಯರಿಗೆ ಟ್ರವೆಲ್ ಕೊಟ್ಟ ಉಪನ್ಯಾಸ ಕೇಳಿ ಸ್ನಾಯುವಿನ ಗಂಟಿನ ಕಡೆ ತಿರುಗಿದರು. ಅಷ್ಟು ಮೇಲೆ ಹೋಗಿ ಬಂದವರನ್ನು ಬೆರಳ ತುದಿಯಷ್ಟು ಜಾಗ ಹಿಡಿದು ನಿಲ್ಲಿಸಿತು.

ಇಬ್ಬರೂ ಸೇರಿ ಬರೆದ ಟ್ರಿಗರ್ ಪಾಯಿಂಟ್ ಕೈಪಿಡಿಯ ಮೊದಲ ಸಂಪುಟ 1983ರಲ್ಲಿ ಬಂತು, ಎರಡನೆಯದು 1992ರಲ್ಲಿ. ಆಗ ಟ್ರವೆಲ್ ಅವರಿಗೆ 90. ವೈದ್ಯಕೀಯ ಪುಸ್ತಕಗಳಲ್ಲಿ ಇಷ್ಟು ಓದಿಸಿಕೊಳ್ಳುವವು ಕಡಿಮೆ. ಒಂದೊಂದು ಸ್ನಾಯುವಿಗೆ ಒಂದೊಂದು ಅಧ್ಯಾಯ. ಬಾರ್ಬರಾ ಕಮಿಂಗ್ಸ್ ಬರೆದ ಚಿತ್ರಗಳಲ್ಲಿ ಗಂಟಿಗೆ ಕತ್ತರಿ ಗುರುತು, ನೋವು ಹರಡುವ ಕಡೆಗೆ ಕೆಂಪು. ಕುಂಕುಮ ಚೆಲ್ಲಿದಂತೆ ದಟ್ಟದಿಂದ ತೆಳುವಿಗೆ ಹೋಗುವ ಕೆಂಪು. ಸ್ನಾಯುಗಳಿಗೆ ಅಡ್ಡಹೆಸರೂ ಇವೆ. ಪಕ್ಕೆಯ ಕೆಳಗಿನಿಂದ ಸೊಂಟದ ಮೂಳೆಗೆ ಇಳಿಯುವ ಸ್ನಾಯು ಕೆಳಬೆನ್ನು ನೋವಿನ 'ಜೋಕರ್'. ಹೊಟ್ಟೆಯ ಹಿಂದೆ ಅಡಗಿ ತೊಡೆಗೆ ಬರುವುದು 'ಮರೆಯಲ್ಲಿ ಕೂತ ತುಂಟ'. ಕುಂಡೆಯ ಆಳದಲ್ಲಿ ನರವನ್ನೂ ಹಿಚುಕಿ ತಾನೂ ನೋಯುವುದು 'ಜೋಡಿ ಸೈತಾನ'. ನಮ್ಮ ಮನೆಗಳಲ್ಲಿ ಕಾಟ ಕೊಡುವ ಬೆಕ್ಕು, ಆಕಳು, ಭಾವಮೈದುನರಿಗೆ ಹೆಸರಿಡುವ ಹಾಗೆ. ಅರ್ಧ ಶತಮಾನ ಒಡನಾಡಿದವರಿಗೆ ಮಾತ್ರ ಸಿಗುವ ಸಲಿಗೆ ಅದು.

ಆ ಪುಟಗಳಲ್ಲಿ ನನಗೆ ಹಿಡಿಸಿದ್ದು ಸೂಜಿಯ ಭಾಗವಲ್ಲ, ನೋವನ್ನು ಉಳಿಸುವ ಚಿಲ್ಲರೆ ಕಾರಣಗಳ ಭಾಗ. ಪಾದದ ಎರಡನೇ ಬೆರಳು ಹೆಬ್ಬೆರಳಿಗಿಂತ ಮುಂದಿದ್ದರೆ ನಡಿಗೆ ಅಲುಗುತ್ತದೆ. ಕೂತಾಗ ಸೊಂಟದ ಒಂದು ಪಕ್ಕ ಚಿಕ್ಕದಿದ್ದರೆ ಬೆನ್ನು ಸೊಟ್ಟಗಾಗುತ್ತದೆ. ಒಂದು ಕಡೆ ಪುಸ್ತಕದ ದಪ್ಪದಷ್ಟು ಏನಾದರೂ ಇಟ್ಟರೆ ನೆಟ್ಟಗಾಗುತ್ತದೆ. ತೋಳು ಗಿಡ್ಡವಿದ್ದವರಿಗೆ ಎಲ್ಲ ಕುರ್ಚಿಗಳ ಕೈಗಳೂ ತಗ್ಗು. ಹಿಂದಿನ ಜೇಬಿನಲ್ಲಿ ದಪ್ಪ ಪರ್ಸ್ ಇಟ್ಟುಕೊಂಡು ಗಂಟೆಗಟ್ಟಲೆ ಕೂರುವ ಗಂಡಸರಿಗೆ ಬರುವ ಕಾಲುಸೆಳೆತದ ಪ್ರಸ್ತಾಪವೂ ಇದೆ. ಸಾವಿರಗಟ್ಟಲೆ ಖರ್ಚಿನ ಸ್ಕ್ಯಾನಿನಲ್ಲಿ ಪರ್ಸ್ ಕಾಣಿಸುವುದಿಲ್ಲ, ಸ್ಕ್ಯಾನಿಗೆ ಮಲಗುವ ಮೊದಲು ತೆಗೆದಿಟ್ಟಿರುತ್ತಾರೆ.

ವಿಜ್ಞಾನ ಇವರ ಮಾತನ್ನೆಲ್ಲ ಒಪ್ಪಿತೇ ಎಂದರೆ, ಇಲ್ಲ. 1992ರಲ್ಲಿ ನಡೆದ ಒಂದು ಪರೀಕ್ಷೆಯಲ್ಲಿ ಈ ವಿದ್ಯೆಯ ಪಳಗಿದ ಕೈಗಳಿಗೆ, ಯಾರಿಗೆ ಯಾವ ರೋಗವೆಂದು ಹೇಳದೆ, ಗಂಟು ಹುಡುಕಲು ಕೊಟ್ಟರು. ಒಬ್ಬರಿಗೆ ಸಿಕ್ಕ ಗಂಟು ಇನ್ನೊಬ್ಬರಿಗೆ ಸಿಗಲಿಲ್ಲ. ಸೈಮನ್ಸ್ ಆ ಪ್ರಬಂಧದ ಲೇಖಕರಲ್ಲಿ ಒಬ್ಬರಾಗಿದ್ದರು ಎಂಬುದು ಅವರ ದೊಡ್ಡತನ. ಅದಕ್ಕೂ ಮೊದಲು, 1979ರಲ್ಲಿ, ಪ್ರಾಗ್ ನಗರದ ಕಾರೆಲ್ ಲೆವಿಟ್ ಇನ್ನೊಂದು ತೋರಿಸಿದ್ದರು: ಮದ್ದೇ ಇಲ್ಲದ ಒಣ ಸೂಜಿ ಸರಿಯಾದ ಜಾಗಕ್ಕೆ ತಾಗಿದರೂ ನೋವು ಇಳಿಯುತ್ತದೆ. ಹಾಗಾದರೆ ಪ್ರೊಕೇನ್ ಮಾಡಿದ್ದೇನು, ಸೂಜಿ ಮಾಡಿದ್ದೇನು, ಮುಟ್ಟಿದ ಕೈ ಮಾಡಿದ್ದೇನು? ಗಂಟು ಸ್ನಾಯುವಿನ ಹಸಿವೋ, ನರದ ಕೂಗೋ, ಮೆದುಳಿನ ಲೆಕ್ಕವೋ? ವಾದ ಇನ್ನೂ ನಡೆದಿದೆ. ಬೆಂಗಳೂರಿನ ಫಿಸಿಯೋಥೆರಪಿ ಕ್ಲಿನಿಕ್ಕುಗಳು ಅದಕ್ಕೆ ಕಾಯದೆ 'ಡ್ರೈ ನೀಡ್ಲಿಂಗ್' ಎಂದು ಬೋರ್ಡು ಬರೆಸಿವೆ. ದಿನವಿಡೀ ಕಂಪ್ಯೂಟರಿನ ಮುಂದೆ ಕತ್ತು ಚಾಚಿ ಕೂತವರು ಸಾಲುಗಟ್ಟಿ ಚುಚ್ಚಿಸಿಕೊಂಡು, ಮತ್ತೆ ಅದೇ ಕುರ್ಚಿಗೆ ಮರಳುತ್ತಾರೆ.

ಕ್ರೌಸ್ 1996ರಲ್ಲಿ ತೀರಿಕೊಂಡರು. ಟ್ರವೆಲ್ 1997ರ ಆಗಸ್ಟ್ 1ರಂದು, ಮ್ಯಾಸಚೂಸೆಟ್ಸಿನ ನಾರ್ಥಾಂಪ್ಟನ್ನಿನಲ್ಲಿ, 95ನೇ ವಯಸ್ಸಿನಲ್ಲಿ. ಅವರ ಕೈಪಿಡಿ ಇಂದಿಗೂ ಅಚ್ಚಿನಲ್ಲಿದೆ. ಬೇರೆ ಲೇಖಕರು ತಿದ್ದಿ ಬೆಳೆಸಿದ್ದಾರೆ.

ಓದುತ್ತ ಕೂತ ಗಂಡಸರಲ್ಲಿ ಒಂದು ವಿನಂತಿ. ಹಿಂದಿನ ಜೇಬಿನಲ್ಲಿರುವ ಆ ಪರ್ಸನ್ನು ಈಗಲೇ ತೆಗೆದು ಮುಂದಿನ ಜೇಬಿಗೆ ಹಾಕಿಕೊಳ್ಳಿ.